ಮೆಟ್ಟಿಲು ತಗ್ಗದಿದ್ದರೆ ನೆಲ ಏರಲಿ

ಓದುಗರ ಪ್ರಶ್ನೆ, ನನ್ನ ಉತ್ತರ

ವಯಸ್ಸಾದವರ, ವಿಕಲಚೇತನರ ಬಸ್ ಪ್ರಯಾಣದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಸಂಪಾದಕರು ನಾಲ್ಕು ಸಾಲು ಹಾಕಿದ್ದರು. ಬಂದ ಕಾಗದಗಳನ್ನೆಲ್ಲ ಒಂದು ಬ್ಯಾಗಿನಲ್ಲಿ ತುಂಬಿ ಮೂರ್ನಾಡಿನ ನನ್ನ ಮನೆಗೆ ಕಳಿಸಿಕೊಟ್ಟರು. ಉತ್ತರ ಬರೆಯಲು ನಾನೇ ಯಾಕೆ ಎಂದು ಕೇಳುವವರಿಗೆ ಎರಡು ಮಾತು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೋತಿತು. 1982ರಲ್ಲಿ ಮಡಿಕೇರಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದೆ. ನಿವೃತ್ತಿಯಾಗುವ ತನಕ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಈಗ ವಯಸ್ಸು 67. ಅಂದರೆ ವಿಕಲಚೇತನರ ಪಾಸಿಗೂ ಹಿರಿಯ ನಾಗರಿಕರ ರಿಯಾಯಿತಿಗೂ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟಿಗೂ ನಾನು ಸಲ್ಲುತ್ತೇನೆ. ಮೂರನ್ನೂ ಕೈಯಲ್ಲಿ ಹಿಡಿದು ನೋಡಿದವಳು. ನಮ್ಮ ಜಿಲ್ಲೆಗೆ ರೈಲಿಲ್ಲ. ಕಾರಿಲ್ಲದ ಮನೆಯವರಿಗೆ ಆಸ್ಪತ್ರೆಗೂ ಸಂತೆಗೂ ಮದುವೆಗೂ ಸಾವಿಗೂ ಬಸ್ಸೇ ಗತಿ. ಅದಕ್ಕೇ ಒಪ್ಪಿಕೊಂಡೆ.

ನನಗೆ 72 ವರ್ಷ. ಪ್ರೈಮರಿ ಶಾಲೆಯಲ್ಲಿ ಮಾಸ್ಟರಾಗಿದ್ದೆ. ಪಿಂಚಣಿ ಬರುತ್ತದೆ. ಬಸ್ಸಿನಲ್ಲಿ ಹಿರಿಯರಿಗೆ ಕಡಿಮೆ ಎನ್ನುತ್ತಾರೆ, ಆದರೆ ಹತ್ತಿಪ್ಪತ್ತು ರೂಪಾಯಿಗೆ ಕೈಚಾಚಿದ ಹಾಗಾಗುತ್ತದೆಂದು ಇದುವರೆಗೆ ಕೇಳಿಲ್ಲ. ಕೇಳಬೇಕೆ? ಹೇಗೆ?
– ಓದುಗರು, ನಾಪೋಕ್ಲು

ಕೇಳಬೇಕು ಮಾಸ್ಟ್ರೇ. ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ನಾನೂ ಮೊದಲ ಎರಡು ವರ್ಷ ಪಾಸನ್ನು ಪರ್ಸಿನಿಂದ ತೆಗೆಯದೆ ಪೂರ್ತಿ ದುಡ್ಡು ಕೊಟ್ಟವಳು. ಒಂದು ದಿನ ಪಕ್ಕದ ಸೀಟಿನಲ್ಲಿದ್ದ ಎಸ್ಟೇಟ್ ಲೈನ್ ಮನೆಯ ಅಜ್ಜಿಯೊಬ್ಬರು, "ನೀವು ಓದಿದವರೇ ತೋರಿಸದಿದ್ದರೆ ನಾವು ತೋರಿಸಿದಾಗ ಬೈಸಿಕೊಳ್ಳಬೇಕಾಗುತ್ತದಲ್ಲ" ಎಂದರು. ಆವತ್ತಿನಿಂದ ಬಸ್ ಹತ್ತಿದ ಕೂಡಲೇ ಪಾಸ್ ಕೈಯಲ್ಲಿರುತ್ತದೆ.

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ 60 ವರ್ಷ ತುಂಬಿದ ನಮ್ಮ ರಾಜ್ಯದವರಿಗೆ ಟಿಕೆಟ್ ದರದಲ್ಲಿ ಶೇ 25 ಕಡಿತವಿದೆ. ನೂರು ರೂಪಾಯಿಯ ದಾರಿಗೆ ಎಪ್ಪತ್ತೈದು. 2025ರ ಜನವರಿಯಲ್ಲಿ ದರ ಶೇ 15 ಏರಿತಲ್ಲ, ಅಲ್ಲಿಂದ ಈ ಕಾಲುಭಾಗದ ಬೆಲೆಯೂ ಹೆಚ್ಚಿತು. ನಿಮಗೆ ಪಿಂಚಣಿ ಇದೆ, ಸರಿ. ನಿಮ್ಮ ಹಿಂದಿನ ಸೀಟಿನವರಿಗೆ ಇರಲಿಕ್ಕಿಲ್ಲ. ನೀವು ಗಟ್ಟಿಯಾಗಿ ಕೇಳಿದರೆ ಅವರಿಗೂ ಬಾಯಿ ಬರುತ್ತದೆ.

ವಯಸ್ಸು ತೋರಿಸುವ ಗುರುತಿನ ಚೀಟಿ ಬೇಕು. ಆಧಾರ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಯಾವುದಾದರೂ ನಡೆಯುತ್ತದೆ. ಅದನ್ನು ಅಂಗಿಯ ಮೇಲಿನ ಜೇಬಿನಲ್ಲಿಡಿ, ಚೀಲದ ತಳದಲ್ಲಿ ಬೇಡ. ಟಿಕೆಟ್ ಮೆಷಿನ್ನಿಂದ ಬರುವ ಮುಂಚೆ ಹೇಳಿ. "ಸೀನಿಯರ್ ಸಿಟಿಜನ್, ಮಡಿಕೇರಿ ಒಂದು" ಎಂದರೆ ಸಾಕು. ಟಿಕೆಟ್ ಬಂದ ಮೇಲೆ ಹೇಳಿದರೆ ಕಂಡಕ್ಟರಿಗೆ ಲೆಕ್ಕದ ತಾಪತ್ರಯ, ನಿಮಗೆ ಮಾತಿನ ತಾಪತ್ರಯ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜಗಳಗಳು ಈ ಒಂದು ನಿಮಿಷದ ಹಿಂದುಮುಂದಿನಿಂದಲೇ ಹುಟ್ಟುವುದು.

ಇದು ನಿಗಮದ ಬಸ್ಸಿನ ರಿಯಾಯಿತಿ ಎಂಬುದು ನೆನಪಿರಲಿ. ನಿಮ್ಮ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ. ಅಲ್ಲಿ ಇದನ್ನು ಕೇಳಿ ಪ್ರಯೋಜನವಿಲ್ಲ.

ವಯಸ್ಸು 44. ಸಕ್ಕರೆ ಕಾಯಿಲೆಯಿಂದ ಬಲಗಾಲು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಕೃತಕ ಕಾಲು ಸರಿಮಾಡಿಸಲು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಬೇಕು. ಬಸ್ ಪಾಸ್ ಮಾಡಿಸುವುದು ಎಲ್ಲಿ, ಎಷ್ಟು ಖರ್ಚು?
– ಓದುಗರು, ಮಡಿಕೇರಿ

ಪಾಸಿಗೆ ವರ್ಷಕ್ಕೆ 660 ರೂಪಾಯಿ. ತಿಂಗಳಿಗೆ ಹಂಚಿದರೆ 55. ಇಷ್ಟು ಕೊಟ್ಟರೆ ನಿಮ್ಮ ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ ನಿಗಮದ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ವರ್ಷವಿಡೀ ಓಡಾಡಬಹುದು. ಅಂಗವಿಕಲತೆ ಶೇ 40 ಅಥವಾ ಹೆಚ್ಚು ಎಂದು ವೈದ್ಯರು ಬರೆದುಕೊಟ್ಟಿರಬೇಕು.

ಮೊದಲ ಕೆಲಸ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಆಸ್ಪತ್ರೆಯಲ್ಲಿ ವೈದ್ಯರು ನೋಡಿ ಶೇಕಡಾವಾರು ನಿರ್ಧರಿಸುತ್ತಾರೆ. ಕಾರ್ಡಿನ ಪಟ್ಟಿ ಹಳದಿಯಾದರೆ ಶೇ 40ರಿಂದ 80ರ ಒಳಗೆ, ನೀಲಿಯಾದರೆ 80 ಅಥವಾ ಅದಕ್ಕೂ ಮೇಲೆ, ಬಿಳಿಯಾದರೆ 40ಕ್ಕಿಂತ ಕಡಿಮೆ. ಬಿಳಿ ಬಂದವರಿಗೆ ಈ ಪಾಸ್ ಸಿಗುವುದಿಲ್ಲ. ಕಾರ್ಡ್ ಬಂದ ಮೇಲೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಬಸ್ ಪಾಸಿಗೆ ಅರ್ಜಿ. ಕಂಪ್ಯೂಟರ್ ಗೊತ್ತಿಲ್ಲವೆಂದು ಹಿಂಜರಿಯಬೇಡಿ, ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ತುಂಬಿಕೊಡುತ್ತಾರೆ. ಹಳ್ಳಿಯವರಾದರೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ವಿಆರ್‌ಡಬ್ಲ್ಯು ಎಂದರೆ ಎಲ್ಲರಿಗೂ ಗೊತ್ತು. ಹೆಚ್ಚಿನವರು ಸ್ವತಃ ವಿಕಲಚೇತನರೇ, ನಮ್ಮ ಕಷ್ಟವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಾಸ್ ಜನವರಿಯಿಂದ ಡಿಸೆಂಬರಿಗೆ. ಹಳೇ ಪಾಸನ್ನು ಸಾಮಾನ್ಯವಾಗಿ ಫೆಬ್ರವರಿ ಕೊನೆಯವರೆಗೆ ಒಪ್ಪುತ್ತಾರೆ, ಹಾಗೆಂದು ಪತ್ರಿಕೆಯಲ್ಲಿ ಪ್ರಕಟಣೆಯೂ ಬರುತ್ತದೆ. ಆ ಎರಡು ತಿಂಗಳನ್ನು ನೆಚ್ಚಿ ಕೂರಬೇಡಿ.

ಇನ್ನು ನಿಮ್ಮ ನಿಜವಾದ ತೊಡಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಪಾಸಿನ ನೂರು ಹುಣಸೂರು ದಾಟಿ ಬಿಳಿಕೆರೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಕುಶಾಲನಗರದವರಿಗೆ ಮೈಸೂರು ನೂರರ ಒಳಗೆ, ಗೋಣಿಕೊಪ್ಪದವರಿಗೂ ಒಳಗೆ, ಮಡಿಕೇರಿಯವರಿಗೆ ಹೊರಗೆ. ಪಾಸ್ ಮಾಡಿಸುವ ದಿನವೇ ನಿಮ್ಮ ದಾರಿಯಲ್ಲಿ ಯಾವ ಸ್ಟೇಜಿನವರೆಗೆ ನಡೆಯುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಿ. ಬಸ್ ಹತ್ತಿದಾಗ ಪಾಸ್ ತೋರಿಸಿ, ಮುಂದಿನ ದಾರಿಗೆ ಟಿಕೆಟ್ ಹೇಗೆ ಎಂದು ಮೊದಲೇ ಮಾತಾಡಿಕೊಳ್ಳಿ. ತನಿಖೆಯವರು ಹತ್ತಿದಾಗ ಮಾತು ಶುರುವಾದರೆ ತಪ್ಪೆಲ್ಲ ನಿಮ್ಮದೇ ಎಂಬ ಹಾಗೆ ಕಾಣುತ್ತದೆ.

ಬಾಯಿಬಿಟ್ಟು ಹೇಳುತ್ತೇನೆ: ಈ ನೂರು ಕಿಲೋಮೀಟರಿನ ಗೆರೆ ಬಯಲುಸೀಮೆಯವರಿಗೆ ಸಾಲಬಹುದು, ನಮಗೆ ಸಾಲದು. ದೊಡ್ಡ ಚಿಕಿತ್ಸೆ ಎಂದರೆ ನಮ್ಮವರಿಗೆ ಒಂದೋ ಮೈಸೂರು, ಇಲ್ಲ ಮಂಗಳೂರು. ಮಡಿಕೇರಿಯಿಂದ ಎರಡೂ ಗೆರೆಯ ಆಚೆಗಿವೆ. ಆಸ್ಪತ್ರೆ ಇರುವ ಹತ್ತಿರದ ದೊಡ್ಡ ಊರಿನವರೆಗೆ ಎಂದು ಬದಲಾಯಿಸಿದರೆ ಎಷ್ಟು ಜನರಿಗೆ ಉಪಕಾರ! ನಾನು ಈ ಬಗ್ಗೆ ಎರಡು ಸಲ ಬರೆದಿದ್ದೇನೆ, ನೀವೂ ಬರೆಯಿರಿ.

ನಾನು 58 ವರ್ಷದ ಹೆಂಗಸು, ಸೊಂಟದ ತೊಂದರೆ, ಯುಡಿಐಡಿ ಕಾರ್ಡ್ ಇದೆ. ಶಕ್ತಿ ಬಂದ ಮೇಲೂ 660 ಕಟ್ಟಿ ಪಾಸ್ ಮಾಡಿಸಬೇಕಾ ಅಕ್ಕ? ಮಗಳು ಕಣ್ಣೂರಿನಲ್ಲಿದ್ದಾಳೆ.
– ಓದುಗರು, ವಿರಾಜಪೇಟೆ

ಬೇಡ ತಂಗಿ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ದುಡ್ಡಿಲ್ಲ, ನೂರು ಕಿಲೋಮೀಟರಿನ ಗೆರೆಯೂ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಇಳಿಯುವವರೆಗೆ ಇಟ್ಟುಕೊಳ್ಳಿ. ರಾಜಹಂಸ, ಸ್ಲೀಪರ್, ಐರಾವತಗಳಿಗೆ ಇದು ಸಲ್ಲದು.

ಕಣ್ಣೂರಿನ ಮಾತು ಬೇರೆ. ಮಾಕುಟ್ಟದ ದಾರಿಯಲ್ಲಿ ಗಡಿ ದಾಟುವ ಅಂತರರಾಜ್ಯ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಕೇರಳದ ಬಸ್ಸಿನಲ್ಲಂತೂ ಕೇಳಲೇಬೇಡಿ. ದುಡ್ಡು ಕೊಟ್ಟು ನೆಮ್ಮದಿಯಾಗಿ ಹೋಗಿಬನ್ನಿ.

ಅತ್ತೆಗೆ 78. ಎರಡೂ ಮಂಡಿ ಸವೆದಿವೆ. ಟಿಕೆಟ್ ಈಗ ಪುಕ್ಕಟೆ, ಆದರೆ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎತ್ತಲು ಆಗುವುದಿಲ್ಲ. ಹಿಂದಿನಿಂದ ನಾನು ತಳ್ಳಬೇಕು, ಜನ ನೋಡುತ್ತಾರೆ. "ನಾನಿನ್ನು ಎಲ್ಲಿಗೂ ಬರುವುದಿಲ್ಲ" ಎಂದು ಕೂತುಬಿಟ್ಟಿದ್ದಾರೆ. ಕಳೆದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೂ ಬರಲಿಲ್ಲ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ನಿಮ್ಮ ಕಾಗದ ಓದಿ ಆ ದಿನ ಬೇರೆ ಯಾವ ಕಾಗದಕ್ಕೂ ಉತ್ತರ ಬರೆಯಲಿಲ್ಲ. ಎಲ್ಲರೂ ಟಿಕೆಟಿನ ಬಗ್ಗೆ ಕೇಳುತ್ತಾರೆ. ಮೆಟ್ಟಿಲಿನ ಬಗ್ಗೆ ಕೇಳಿದವರು ನೀವೊಬ್ಬರೇ. ಹತ್ತಲಾಗದವರಿಗೆ ಟಿಕೆಟ್ ಪುಕ್ಕಟೆಯಾದರೇನು?

ಮೊದಲು ಮೆಟ್ಟಿಲು ಯಾಕೆ ಅಷ್ಟು ಎತ್ತರ ಎಂದು ಹೇಳುತ್ತೇನೆ. ನಮ್ಮ ಕಡೆ ಓಡುವ ಬಸ್ಸುಗಳು ಲಾರಿಯ ಹಾಗೆ ಉದ್ದನೆಯ ಚಾಸಿಯ ಮೇಲೆ ಕಟ್ಟಿದವು. ಚಕ್ರ, ಆಕ್ಸಲ್ ಎಲ್ಲದರ ಮೇಲೆ ನೆಲಹಾಸು ಕೂರುತ್ತದೆ. ಗುಂಡಿ, ತಿರುವು, ಏರಿನ ನಮ್ಮ ರಸ್ತೆಯಲ್ಲಿ ತಳ ಉಜ್ಜದ ಹಾಗೆ ಎತ್ತರ ಬೇಕೇ ಬೇಕು. ಬೆಂಗಳೂರು, ಮೈಸೂರಿನ ಪೇಟೆಯೊಳಗೆ ಓಡುವ ಲೋಫ್ಲೋರ್ ಬಸ್ಸು ನಾಳೆಯೇ ಸೋಮವಾರಪೇಟೆಗೆ ಬರುತ್ತದೆಂದು ನಾನು ನಿಮಗೆ ಸುಳ್ಳು ಭರವಸೆ ಕೊಡಲಾರೆ. ನಮ್ಮ ಮೂರ್ನಾಡಿನಲ್ಲಿ ನಾನೇ ಹೊಲಿಗೆಯ ಟೇಪು ಹಿಡಿದು ಅಳೆದಿದ್ದೇನೆ. ರಸ್ತೆಯಿಂದ ಮೊದಲ ಮೆಟ್ಟಿಲಿಗೆ 17 ಇಂಚು. ಮನೆಯ ಮೆಟ್ಟಿಲು ಆರೋ ಏಳೋ ಇಂಚು ಇರುತ್ತದೆ. ಒಂದೇ ಹೆಜ್ಜೆಯಲ್ಲಿ ಎರಡೂವರೆ ಮೆಟ್ಟಿಲು ಏರಬೇಕು. ಮಂಡಿ ಸವೆದ 78ರ ಹೆಂಗಸಿನಿಂದ ಆಗದ್ದು ಅವರ ತಪ್ಪಲ್ಲ. ಇದನ್ನು ಅವರಿಗೆ ಓದಿ ಹೇಳಿ, ಹಟಮಾರಿತನವೆಂದು ಮನೆಯಲ್ಲಿ ಯಾರಾದರೂ ಅಂದಿದ್ದರೆ ಅವರಿಗೂ ಓದಿ ಹೇಳಿ.

ಆದರೆ ಮೆಟ್ಟಿಲಿಗೂ ಕಾಲಿಗೂ ನಡುವೆ ನೆಲ ಎಂಬುದೊಂದಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪ ನನ್ನನ್ನು ಎತ್ತಿ ಬಸ್ಸಿಗೆ ಹತ್ತಿಸುತ್ತಿದ್ದರು. ಇಪ್ಪತ್ತನಾಲ್ಕು ವರ್ಷದ ಹುಡುಗಿಯನ್ನು ಎಲ್ಲರೆದುರು ಅಪ್ಪ ಎತ್ತುವುದು! ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆ ಬಸ್ಸಿನ ಡ್ರೈವರ್ ಒಂದು ವಾರ ನೋಡಿದರು. ಎಂಟನೇ ದಿನ ಸ್ಟಾಪಿಗಿಂತ ಇಪ್ಪತ್ತು ಮಾರು ಹಿಂದೆ, ಮೋರಿಯ ಪಕ್ಕ ಕಲ್ಲುಕಟ್ಟೆ ಇತ್ತಲ್ಲ, ಅದಕ್ಕೆ ಒತ್ತಿಸಿ ನಿಲ್ಲಿಸಿ, "ಇಲ್ಲಿಂದ ಹತ್ತಿ ಅಮ್ಮಣ್ಣಿ, ಅಪ್ಪನ ಸೊಂಟ ಉಳಿಯಲಿ" ಎಂದರು. ಕಟ್ಟೆಯ ಮೇಲೆ ನಿಂತರೆ ಮೆಟ್ಟಿಲು ಒಂದು ಗೇಣು ಮಾತ್ರ ಮೇಲೆ. ಅವತ್ತು ನಾನೇ ಹತ್ತಿದೆ. ಅದೇ ಬಸ್ಸು, ಅದೇ ಕಾಲು. ಅವರಿಗೆ ವರ್ಗವಾಗುವ ತನಕ ದಿನಾ ಅಲ್ಲೇ ನಿಲ್ಲಿಸಿದರು. ಅವರ ನಂತರ ಬಂದವರಿಗೆ ನಾನೇ ಹೇಳಿ ನಿಲ್ಲಿಸಿಕೊಂಡೆ.

ಆದ್ದರಿಂದ ನಿಮ್ಮ ಊರಿನ ಸ್ಟಾಪಿನ ಆಚೀಚೆ ಒಂದು ನೂರಡಿ ನಡೆದು ನೋಡಿ. ರಸ್ತೆಬದಿಯ ನೆಲ ಎತ್ತರವಿರುವ ಜಾಗ, ಹಳೇ ಕಟ್ಟೆ, ಅಂಗಡಿ ಮುಂದಿನ ಜಗುಲಿ ಏನಾದರೂ ಇದ್ದೇ ಇರುತ್ತದೆ. ಡ್ರೈವರಿಗೆ ಹಿಂದಿನ ದಿನವೇ ಹೇಳಿ, ಬಸ್ಸು ನಿಂತ ಗಡಿಬಿಡಿಯಲ್ಲಿ ಬೇಡ. ನನ್ನ ಇಷ್ಟು ವರ್ಷದಲ್ಲಿ, ಬಿಡುವಿದ್ದಾಗ ಹೋಗಿ ಹೇಳಿದ ಮೇಲೆ ಆಗುವುದಿಲ್ಲ ಎಂದ ಡ್ರೈವರ್ ಇಬ್ಬರೋ ಮೂವರೋ.

ಎರಡನೆಯದು ಕಾಲಿನ ಕ್ರಮ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲಿದ್ದರೆ ಅದನ್ನು ಯಾವಾಗಲೂ ನೋವಿನ ಕಾಲು ಇಡುವಾಗ ಅದರ ಜೊತೆಗೇ ಇಡಬೇಕು. ಎರಡೂ ಮಂಡಿ ನೋವಿದ್ದರೂ ಒಂದು ಇನ್ನೊಂದಕ್ಕಿಂತ ವಾಸಿ ಇರುತ್ತದೆ, ಅದು ಯಾವುದೆಂದು ಅವರಿಗೇ ಗೊತ್ತು. ನೀವು ಹಿಂದಿನಿಂದ ತಳ್ಳಬೇಡಿ. ತಳ್ಳಿದರೆ ಎದೆ ಮುಂದಕ್ಕೆ ಬಾಗಿ ಕಾಲು ಇನ್ನೂ ಹಿಂದೆ ಉಳಿಯುತ್ತದೆ. ಅವರ ಎರಡೂ ಕೈಗೆ ಬಾಗಿಲಿನ ಕಂಬಿ ಸಿಗಲಿ, ಚೀಲವೆಲ್ಲ ನಿಮ್ಮ ಹೆಗಲಲ್ಲಿರಲಿ, ನೀವು ಸೊಂಟದ ಹಿಂದೆ ಕೈ ಆಸರೆ ಇಟ್ಟು ನಿಂತರೆ ಸಾಕು. ಮಳೆಗಾಲದಲ್ಲಿ ಕೊಡೆ ಮಡಚಿ ಬೇರೆಯವರ ಕೈಗೆ ಕೊಟ್ಟುಬಿಡಿ. ಮನೆಯ ಮೆಟ್ಟಿಲಿನ ಮೇಲೆ ಒಂದು ಗಟ್ಟಿ ಮಣೆ ಇಟ್ಟು ನಾಲ್ಕು ದಿನ ಅಭ್ಯಾಸ ಮಾಡಿಸಿ. ಫಿಸಿಯೋಥೆರಪಿಯವರಿಗೆ ಒಮ್ಮೆ ತೋರಿಸಿದರೆ ಇನ್ನೂ ಒಳ್ಳೆಯದು.

ಇಳಿಯುವ ಮಾತು ಹೇಳಲೇಬೇಕು, ಏಕೆಂದರೆ ನಾನು ಬಿದ್ದದ್ದು ಇಳಿಯುವಾಗ. 1994ರ ಜುಲೈ, ಜಡಿಮಳೆ. ಬಸ್ಸು ನಿಲ್ಲುವ ಮುಂಚೆಯೇ ಎದ್ದು ಬಾಗಿಲಿಗೆ ಬನ್ನಿ ಎಂದು ಅವಸರ ಮಾಡಿದರು, ಬಂದೆ. ಒಂದು ಕಾಲು ನೆಲಕ್ಕೆ ತಾಗಿತ್ತು, ಇನ್ನೊಂದು ಕ್ಯಾಲಿಪರ್ (ಸೋತ ಕಾಲಿಗೆ ಕಟ್ಟುವ ಲೋಹದ ಆಸರೆ) ಸಮೇತ ಮೆಟ್ಟಿಲಲ್ಲಿತ್ತು, ಸೀಟಿ ಊದಿತು. ಮಣಿಕಟ್ಟು ಮುರಿದು ಆರು ವಾರ ಪಟ್ಟಿ. ಆಮೇಲಿಂದ ನಾನು ಮಾಡಿಕೊಂಡ ನಿಯಮ: ಟಿಕೆಟ್ ತೆಗೆದುಕೊಳ್ಳುವಾಗಲೇ ಕಂಡಕ್ಟರ ಮುಖ ನೋಡಿ, "ನನಗೆ ಇಳಿಯಲು ಒಂದು ನಿಮಿಷ ಬೇಕು, ನಾನು ಹೇಳಿದ ಮೇಲೆ ರೈಟ್ ಕೊಡಿ" ಎನ್ನುವುದು. ಬಸ್ಸು ಪೂರ್ತಿ ನಿಲ್ಲುವ ತನಕ ಸೀಟಿನಿಂದ ಏಳುವುದಿಲ್ಲ, ಯಾರು ಏನು ಗೊಣಗಿದರೂ ಸರಿ. ಹಿಂದಿನ ಸೀಟು, ಚಕ್ರದ ಮೇಲಿನ ಸೀಟು ಬೇಡ. ಎರಡು ಚಕ್ರಗಳ ನಡುವಿನ ಭಾಗದಲ್ಲಿ ಕುಲುಕಾಟ ಕಡಿಮೆ.

ಮೂರನೆಯದಕ್ಕೆ ಸಮಯ ಬೇಕು, ಆದರೆ ನಿಮ್ಮ ಅತ್ತೆಯಂಥ ಹತ್ತು ಜನರಿಗೆ ಅದೇ ದಾರಿ. ಸ್ಟಾಪಿನಲ್ಲೇ ಕಟ್ಟೆ ಕಟ್ಟಿಸುವುದು. ಎಂಟು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಹಾಕಿದರೆ 17ರ ಮೆಟ್ಟಿಲು 9 ಆಗುತ್ತದೆ. ಎರಡೂ ತುದಿಗೆ ಇಳಿಜಾರು ಬೇಕು. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಎಂಬುದು ಲೆಕ್ಕ, ಹಾಗಾಗಿ ಎಂಟು ಇಂಚಿಗೆ ಎಂಟು ಅಡಿ. ಆಗ ಗಾಲಿಕುರ್ಚಿಯೂ ಏರುತ್ತದೆ. ರಸ್ತೆಗೂ ತಂಗುದಾಣಕ್ಕೂ ನಡುವಿನ ಚರಂಡಿಗೆ ಚಪ್ಪಡಿ ಹಾಸಲು ಮರೆಯಬೇಡಿ. ನಮ್ಮ ಕಡೆಯ ಎಷ್ಟೋ ತಂಗುದಾಣಗಳಲ್ಲಿ ಮುದುಕರು ಮಳೆಯಲ್ಲಿ ಹೊರಗೇ ನಿಂತಿರುವುದು ಆ ಚರಂಡಿ ದಾಟಲಾಗದೆ.

ಇದು ದಯೆ ಬೇಡುವ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಕಲಮಿನಲ್ಲಿ ಬಸ್ ನಿಲ್ದಾಣ, ವಾಹನ ಎಲ್ಲವೂ ನಮ್ಮಂಥವರಿಗೆ ಬಳಸುವಂತಿರಬೇಕು ಎಂದಿದೆ. ಸೌಕರ್ಯದ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಹೇಳಿದೆ. ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಹಣವನ್ನು ವಿಕಲಚೇತನರಿಗೆಂದು ತೆಗೆದಿಡಬೇಕು. ಆ ಹಣದಲ್ಲಿ ಒಂದು ಕಟ್ಟೆ ಏಳದೇ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಪಟ್ಟಣವಾದರೆ ಪಟ್ಟಣ ಪಂಚಾಯ್ತಿಗೆ ಬರೆದು ಕೊಡಿ. ಎಷ್ಟು ಇಂಚು ಎಂದು ಅಳೆದು ಬರೆಯಿರಿ. "ತೊಂದರೆಯಾಗುತ್ತಿದೆ" ಎಂದರೆ ಕಾಗದ ಕಡತಕ್ಕೆ ಹೋಗುತ್ತದೆ, "17 ಇಂಚು" ಎಂದರೆ ಎಂಜಿನಿಯರ್ ಟೇಪು ತರುತ್ತಾರೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮುಂದಿನ ಸಂಕ್ರಮಣಕ್ಕೆ ಇನ್ನೂ ದಿನವಿದೆ. ಆ ದಿನದ ಜನಜಂಗುಳಿ ಬೇಡವೆನಿಸಿದರೆ ವಾರ ಬಿಟ್ಟು ಭಾಗಮಂಡಲಕ್ಕೆ ಕರೆದೊಯ್ಯಿರಿ, ತೀರ್ಥ ಅದೇ.

ಮಗನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಪಿಯುಸಿ ಮುಗಿಸಿದ್ದಾನೆ. ಮಡಿಕೇರಿಗೆ ಕಾಲೇಜಿಗೆ ಒಬ್ಬನೇ ಹೋಗುತ್ತೇನೆನ್ನುತ್ತಾನೆ. ನನಗೆ ಧೈರ್ಯ ಇಲ್ಲ.
– ಒಬ್ಬ ತಾಯಿ, ಭಾಗಮಂಡಲ

ಭಾಗಮಂಡಲದಿಂದ ಮಡಿಕೇರಿ ಸುಮಾರು 40 ಕಿಲೋಮೀಟರ್, ತಿರುವುಗಳ ದಾರಿ. ನಿಮ್ಮ ಹೆದರಿಕೆ ಸುಳ್ಳಲ್ಲ. ಆದರೂ ಕಳಿಸಿ. ಮೊದಲ ಹದಿನೈದು ದಿನ ನೀವೂ ಹೋಗಿ, ಆದರೆ ಅವನ ಕೈ ಹಿಡಿಯದೆ ಎರಡು ಸೀಟು ಹಿಂದೆ ಕೂತುಕೊಳ್ಳಿ. ಅವನೇ ಕೇಳಲಿ, ಅವನೇ ಟಿಕೆಟಿನ ಮಾತಾಡಲಿ, ತಪ್ಪಿದರೆ ಅವನೇ ಸರಿಮಾಡಿಕೊಳ್ಳಲಿ. ತೀರಾ ಬೇಕಾದಾಗ ಮಾತ್ರ ನಿಮ್ಮ ದನಿ ಬರಲಿ. ನನಗೆ ನನ್ನ ಅವ್ವ ಹೀಗೇ ಕಲಿಸಿದ್ದು. ಅವರು ಹಿಂದೆ ಕೂತು ಸೆರಗು ಕಚ್ಚಿಕೊಂಡಿರುತ್ತಿದ್ದರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಪೂರ್ಣ ಅಂಧರಿಗೆ ನಿಗಮದ ಪಾಸ್ ಉಚಿತ, 660 ಕಟ್ಟಬೇಕಾಗಿಲ್ಲ. ಬಿಳಿ ಕೋಲು ಯಾವಾಗಲೂ ಕೈಯಲ್ಲಿರಲಿ, ನಾಚಿಕೆಯೆಂದು ಮಡಚಿ ಚೀಲಕ್ಕೆ ಹಾಕಲು ಬಿಡಬೇಡಿ. ಡ್ರೈವರಿಗೆ ದೂರದಿಂದ ಕಾಣುವುದು ಅದೊಂದೇ. ಮಡಿಕೇರಿಯಲ್ಲಿ ಸರ್ಕಾರಿ ಬಸ್ ನಿಲ್ದಾಣ ಬೇರೆ, ಖಾಸಗಿ ನಿಲ್ದಾಣ ಬೇರೆ. ಎರಡರ ಒಳಗನ್ನೂ ಬಸ್ಸಿಲ್ಲದ ಹೊತ್ತಿನಲ್ಲಿ ನಡೆಸಿ ಪರಿಚಯ ಮಾಡಿಸಿ. ಬೋರ್ಡ್ ಓದಲಾಗದಿರುವುದೇ ದೊಡ್ಡ ಕಷ್ಟ. ಮೈಸೂರು ನಗರದ ಬಸ್ಸುಗಳಲ್ಲಿ "ಧ್ವನಿ ಸ್ಪಂದನ" ಎಂಬ ಸಾಧನ ತಂದಿದ್ದಾರೆ. ಕೈಯಲ್ಲಿರುವ ಗುಂಡಿ ಒತ್ತಿದರೆ ಬಂದ ಬಸ್ಸು ಯಾವುದೆಂದು ಬಸ್ಸೇ ಕೂಗಿ ಹೇಳುತ್ತದೆ. ನಮ್ಮ ಗುಡ್ಡದ ಬಸ್ಸುಗಳಿಗೂ ಅದು ಬರಬೇಕು. ಅಲ್ಲಿಯವರೆಗೆ ಕಂಟ್ರೋಲರ್ ಕೋಣೆಯ ಕಿಟಕಿಯ ಪಕ್ಕ ನಿಲ್ಲುವುದನ್ನು ಅಭ್ಯಾಸ ಮಾಡಿಸಿ. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂಬುದೆಲ್ಲ ಅಲ್ಲಿ ಕಿವಿಗೆ ಬೀಳುತ್ತದೆ.

ಕುಶಾಲನಗರದವನು, 64 ವರ್ಷ. ಮೈಸೂರಿಗೆ ಹೋಗಿ ರೈಲು ಹಿಡಿದರೆ ಅಲ್ಲೂ ಹಿರಿಯರಿಗೆ ಕಡಿಮೆಯೇ?

ಇತ್ತು. ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50. ಕೊರೊನಾ ಬಂದಾಗ, 2020ರ ಮಾರ್ಚ್‌ನಲ್ಲಿ ನಿಲ್ಲಿಸಿದವರು ಮತ್ತೆ ಕೊಟ್ಟಿಲ್ಲ. ಬಸ್ಸಿನ ಕಾಲುಭಾಗ ಉಳಿದಿರುವುದು ಸಣ್ಣ ಮಾತಲ್ಲ ಎಂದು ನನಗೆ ಅನಿಸುವುದು ಅದಕ್ಕೇ.

ನನಗೆ 24. ಹಿಮೋಫಿಲಿಯಾ ಇದೆ. ಹೆಚ್ಚು ಹೊತ್ತು ನಿಂತರೆ, ಯಾರಾದರೂ ಗುದ್ದಿದರೆ ಮಂಡಿಯೊಳಗೆ ರಕ್ತ ಇಳಿದು ಊದಿಕೊಳ್ಳುತ್ತದೆ. ಅಂಗವಿಕಲರ ಸೀಟಿನಲ್ಲಿ ಕೂತರೆ "ಗಟ್ಟಿಮುಟ್ಟಾಗಿದ್ದೀಯ, ಏಳು" ಎಂದು ಬೈಯುತ್ತಾರೆ. ಒಮ್ಮೆ ಎದ್ದು ನಿಂತು ಆಮೇಲೆ ಒಂದು ವಾರ ಮಲಗಿದ್ದೆ.
– ಓದುಗರು, ಶನಿವಾರಸಂತೆ

ಮಗನೇ, ಇನ್ನು ಮುಂದೆ ಏಳಬೇಡ. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇದ್ದವು. 2016ರದ್ದರಲ್ಲಿ 21 ಇವೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು ಮೂರೂ ಅದರಲ್ಲಿ ಸೇರಿವೆ. ಯುಡಿಐಡಿ ಮಾಡಿಸಿಲ್ಲದಿದ್ದರೆ ಮೊದಲು ಮಾಡಿಸಿಕೊ. ಕಾರ್ಡನ್ನು ದಾರಕ್ಕೆ ಹಾಕಿ ಕೊರಳಲ್ಲಿ ತೂಗಿಸಿಕೊ, ಬಸ್ಸಿನಲ್ಲಿರುವಷ್ಟು ಹೊತ್ತು ಸಾಕು. ಯಾರಾದರೂ ಬೈದರೆ ಕಾಯಿಲೆಯ ಕಥೆಯೆಲ್ಲ ಹೇಳಬೇಕಾಗಿಲ್ಲ. ಕಾರ್ಡ್ ತೋರಿಸಿ, "ಈ ಸೀಟು ನನ್ನದು" ಎಂದಷ್ಟೇ ಹೇಳು.

ಬೈದ ಹಿರಿಯರಿಗೂ ನನ್ನದೊಂದು ಮಾತು. ನನ್ನ ಕ್ಯಾಲಿಪರ್ ಸೀರೆಯ ಕೆಳಗೆ ಮುಚ್ಚಿರುತ್ತಿತ್ತು, ಕೂತಿದ್ದಾಗ ನಾನೂ ಗಟ್ಟಿಮುಟ್ಟಾಗಿಯೇ ಕಾಣುತ್ತಿದ್ದೆ. ಎಷ್ಟೋ ಸಲ ಸೀರೆಯ ಅಂಚು ಎತ್ತಿ ಕಾಲು ತೋರಿಸಬೇಕಾಯಿತು. ಹುಡುಗರನ್ನು ಆ ಸ್ಥಿತಿಗೆ ತರಬೇಡಿ. ಮೊದಲು "ಕೂತುಕೊಳ್ಳಬಹುದಾ ಮಗ?" ಎಂದು ಕೇಳಿ ನೋಡಿ. ಆಗುವವರು ತಾವೇ ಎದ್ದು ಕೊಡುತ್ತಾರೆ.

ಮೈಸೂರಿಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಬಿಪಿಯ ಮಾತ್ರೆಯನ್ನೂ ತಗೊಳ್ಳುವುದಿಲ್ಲ. ದಾರಿಯಲ್ಲಿ ಅವಸರವಾದರೆ ಬಸ್ ನಿಲ್ಲಿಸಿ ಎನ್ನಲು ನಾಚಿಕೆ. ಇದು ಸರಿಯಾ?
– 70 ದಾಟಿದ ಓದುಗರು, ಚೆಟ್ಟಳ್ಳಿ

ಸರಿಯಲ್ಲ ಅಕ್ಕ. ಮಾತ್ರೆ ಬಿಡುವುದು, ಹೊತ್ತು ಬದಲಿಸುವುದು ಡಾಕ್ಟರ್ ಹೇಳಿದರೆ ಮಾತ್ರ. ಮೂತ್ರ ಹೆಚ್ಚು ಮಾಡಿಸುವ ಮಾತ್ರೆಯಾಗಿದ್ದರೆ ಪ್ರಯಾಣದ ದಿನ ಯಾವಾಗ ತೆಗೆದುಕೊಳ್ಳಲಿ ಎಂದು ಅವರನ್ನೇ ಕೇಳಿ, ಹೇಳುತ್ತಾರೆ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ನಿಲ್ದಾಣಗಳಲ್ಲಿ ಬಸ್ಸು ಒಳಗೆ ಹೋಗಿ ನಿಲ್ಲುತ್ತದೆ. "ಹುಣಸೂರಲ್ಲಿ ನಾನು ಶೌಚಾಲಯಕ್ಕೆ ಹೋಗಿ ಬರುತ್ತೇನೆ, ಬಿಟ್ಟುಹೋಗಬೇಡಿ" ಎಂದು ಹತ್ತುವಾಗಲೇ ಹೇಳಿಡಿ, ಪಕ್ಕದ ಸೀಟಿನವರಿಗೂ ಹೇಳಿ. ನೀರು ಗುಟುಕು ಗುಟುಕಾಗಿ ಕುಡಿಯಿರಿ. ಒಣಗಿದ ಮೈಯಲ್ಲಿ ತಲೆ ಸುತ್ತಿ ಮೆಟ್ಟಿಲಲ್ಲಿ ಬಿದ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀವು ಹೇಳುವ ಶಕ್ತಿ, ಪಾಸು, ಶೇ 25 ಎಲ್ಲಾ ಸರ್ಕಾರಿ ಬಸ್ಸಿಗೆ. ನಮ್ಮ ಊರಿಗೆ ಬರುವುದು ಎರಡು ಖಾಸಗಿ ಬಸ್ಸು. ಅದು ತಪ್ಪಿದರೆ ಆಟೊ, ಜೀಪು. ನಮಗೇನಿದೆ?
– ಓದುಗರು, ಪೊನ್ನಂಪೇಟೆ ತಾಲ್ಲೂಕಿನ ಒಂದು ಹಳ್ಳಿ

ಈ ಪ್ರಶ್ನೆಗೆ ಸಿಹಿ ಉತ್ತರ ನನ್ನಲ್ಲಿಲ್ಲ. ನಮ್ಮ ಜಿಲ್ಲೆಯ ಒಳದಾರಿಗಳನ್ನು ಎಷ್ಟೋ ಕಾಲದಿಂದ ನಡೆಸಿಕೊಂಡು ಬಂದಿರುವುದು ಖಾಸಗಿ ಬಸ್ಸಿನವರೇ. ಅವರಿಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಶಾಲೆಯಿರುತ್ತಿರಲಿಲ್ಲ. ಅವರ ಮೇಲೆ ಕೋಪಿಸಿಕೊಂಡು ಫಲವಿಲ್ಲ. ಆದರೆ ಸರ್ಕಾರ ಕೊಡುವ ಸವಲತ್ತು ಬಸ್ಸು ಬರುವ ಊರಿಗೆ ಮಾತ್ರ ಎಂದಾದರೆ, ದೂರದ ಊರಿನ ಮುದುಕಿ ಪೂರ್ತಿ ದುಡ್ಡು ಕೊಡುತ್ತಾಳೆ, ಪೇಟೆಯ ಪಕ್ಕದವಳು ಪುಕ್ಕಟೆ ಹೋಗುತ್ತಾಳೆ. ಇದು ನ್ಯಾಯವಲ್ಲ, ಇದನ್ನು ಹೇಳುತ್ತಲೇ ಇರಬೇಕು.

ಹೇಳುವುದು ಹೇಗೆಂದರೆ, ನಮ್ಮ ಕೇರಿಯವರು ಮಾಡಿದ್ದನ್ನು ಬರೆಯುತ್ತೇನೆ. ಒಂದು ದಿನ ಕೂತು, ಬಸ್ಸಿನ ಅಗತ್ಯವಿರುವವರ ಪಟ್ಟಿ ಮಾಡಿದೆವು. ಬರೀ ಸಹಿಯಲ್ಲ. 60 ದಾಟಿದವರು ಎಷ್ಟು, ವಿಕಲಚೇತನರು ಎಷ್ಟು, ಡಯಾಲಿಸಿಸ್‌ಗೆ ಹೋಗುವವರು ಯಾರು, ಯಾವ ದಿನ, ಯಾವ ಹೊತ್ತಿಗೆ, ಶುಕ್ರವಾರ ಮಡಿಕೇರಿ ಸಂತೆಗೆ ಎಷ್ಟು ಜನ ಎಂದೆಲ್ಲ. ಇಡೀ ದಿನದ ಬಸ್ಸು ಕೇಳಲಿಲ್ಲ, ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಕೇಳಿದೆವು. ಮಡಿಕೇರಿ ಘಟಕ ಪುತ್ತೂರು ವಿಭಾಗಕ್ಕೆ ಸೇರಿದ್ದು, ಹಾಗಾಗಿ ಪತ್ರದ ಒಂದು ಪ್ರತಿ ಘಟಕದ ವ್ಯವಸ್ಥಾಪಕರಿಗೆ, ಒಂದು ಪುತ್ತೂರಿನ ವಿಭಾಗೀಯ ನಿಯಂತ್ರಣಾಧಿಕಾರಿಗೆ, ಒಂದು ಜಿಲ್ಲಾಧಿಕಾರಿಗೆ. ಖಾಸಗಿ ಬಸ್ಸುಗಳಿಗೆ ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಯವರೇ ಅಧ್ಯಕ್ಷರು. ಹದಿನೈದು ದಿನಕ್ಕೊಮ್ಮೆ ಇಬ್ಬರು ಹೋಗಿ ವಿಚಾರಿಸಿದೆವು, ಪ್ರತಿಸಲವೂ ಬೇರೆ ಇಬ್ಬರು. ಹನ್ನೊಂದು ತಿಂಗಳು ಹಿಡಿಯಿತು. ಸಿಕ್ಕಿದ್ದು ಬೆಳಗಿನದು ಮಾತ್ರ. ಸಂಜೆಯದಕ್ಕೆ ಇನ್ನೂ ಓಡಾಡುತ್ತಿದ್ದೇವೆ.

ನಿಮ್ಮ ಪಟ್ಟಿ ತಯಾರಾದ ಮೇಲೆ ನನಗೊಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪುತ್ತೂರಿಗೆ ಹೋಗುವಾಗ ಜೊತೆಗೆ ಯಾರೂ ಇಲ್ಲದಿದ್ದರೆ ನಾನು ಬರುತ್ತೇನೆ. ಸಂಪಾಜೆ ಘಾಟಿಯ ದಾರಿ, ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ಮನೆ ಸೇರಬಹುದು.